ಅವ್ವನ ಹೊಲದ ಅರಳೆ

ರಜಾಯಿಯೊಳಗಿನ ಅರಳೆ ಎಲ್ಲಿಂದ ಬಂದಿತ್ತೋ ಆ ಜಾಗವೇ ಹೊದ್ದವರ ಕನಸಿಗೆ ಬರುವುದು ಈಗ ಎಲ್ಲರಿಗೂ ರೂಢಿಯಾಗಿತ್ತು. ಅದಕ್ಕೇ ಬಸಲಿಂಗವ್ವ, ಆಗಷ್ಟೇ ಹುಟ್ಟಿದ ಮೊಮ್ಮಗಳಿಗೆ ರಜಾಯಿ ಹೊಲಿಸಲು ಗದಗಿನ ಇಮಾಮಸಾಬ ಪಿಂಜಾರರ ಅಂಗಡಿಗೆ ಬಂದು, ಏನು ತುಂಬಿಸುವುದೆಂದು ತಿಳಿಯದೆ ಕೂತಿದ್ದಳು.

“ಫೈಬರ್ ಹಗುರ ಐತ್ರಿ, ತೊಳದ್ರ ಲಗೂ ಒಣಗತೈತಿ. ಆದ್ರ ಕಲ್ಲೆಣ್ಣಿಯಿಂದ ಮಾಡಿದ್ದು, ಕೂಸಿಗೆ ಕನಸಿನ್ಯಾಗ ಎಣ್ಣಿ ಬಾವಿ ಹೊಗಿ ಕಾಣತೈತಿ,” ಎಂದರು ಇಮಾಮಸಾಬರು.

“ಹತ್ತಿ?”

“ಈಗಿನ ಹತ್ತಿ ಅಂದ್ರ ಔಷಧ ಹೊಡದ ಹೊಲ. ನಮ್ಮ ಸೊಸಿ ಅದನ್ನ ಹೊದ್ದು ನಿದ್ದಿಯೊಳಗ ಕೆಮ್ಮತಾಳ್ರಿ.”

ಬಸಲಿಂಗವ್ವ ಚೀಲದಿಂದ ತನ್ನ ಹಳೆಯ ರಜಾಯಿಯನ್ನೇ ತೆಗೆದಳು. ಅದರಲ್ಲಿದ್ದದ್ದು ಅವಳ ಅವ್ವ ಸಗಣಿ ಗೊಬ್ಬರ ಹಾಕಿ ಬೆಳೆದ ಜವಾರಿ ಹತ್ತಿ. ಅವ್ವ ತೀರಿಕೊಂಡ ಮೇಲೂ ಆ ಹೊಲದ ಬದುವಿನಲ್ಲಿ ಕೂತು, ಬುತ್ತಿ ಬಿಚ್ಚಿ, “ಉಣ್ಣು ಬಾ” ಎಂದು ದಿನಾ ಕನಸಿನಲ್ಲಿ ಕರೆಯುತ್ತಿದ್ದಳು.

“ಇದನ್ನ ಬಿಚ್ಚಿ ತುಂಬ್ರಿ.”

ಇಮಾಮಸಾಬರು ಒತ್ತಿ ನೋಡಿದರು. “ಭಾಳ ಸವದೈತಿ. ಕೂಸಿಗಷ್ಟ ಆಗತೈತಿ, ನಿಮಗೇನೂ ಉಳಿಯೂದಿಲ್ಲ.”

ಬಸಲಿಂಗವ್ವ ರಜಾಯಿಯನ್ನು ಅವರತ್ತ ಸರಿಸಿದಳು. “ಅವ್ವನ್ನ ನಾ ಭಾಳ ವರ್ಷ ಕಂಡೇನ್ರಿ. ಈ ಕೂಸು ಒಮ್ಮೆನೂ ಕಂಡಿಲ್ಲ.”

ಅವರು ರಜಾಯಿ ಬಿಚ್ಚಿ, ಅರಳೆ ಹಿಂಜುವ ಬಿಲ್ಲು ಮೀಟತೊಡಗಿದರು. ಅರಳೆ ಬಿಸಿಲಲ್ಲಿ ತೇಲಿ ಅವಳ ಸೆರಗಿಗೆ ಅಂಟಿತು. ಅವಳು ಒಂದೊಂದೇ ಎಳೆ ಬಿಡಿಸಿ ಮತ್ತೆ ರಾಶಿಗೆ ಹಾಕಿದಳು.

ರಜಾಯಿ ಸಿದ್ಧವಾದ ಮಧ್ಯಾಹ್ನ ಮೊಮ್ಮಗಳಿಗೆ ಅದನ್ನು ಹೊದಿಸಿ ತೊಟ್ಟಿಲ ಪಕ್ಕದಲ್ಲೇ ಕೂತಳು. ಕೂಸು ನಿದ್ದೆಯಲ್ಲಿ ಯಾರನ್ನೋ ಕಂಡಂತೆ ನಕ್ಕಿತು.

ಬಸಲಿಂಗವ್ವ ಬಗ್ಗಿ, ಅದರ ಕಿವಿಯಲ್ಲಿ ಮೆಲ್ಲಗೆ ಕೇಳಿದಳು: “ಏನಂದ್ಲವ್ವಾ ಅಕಿ?”