ಹಪ್ಪಳದ ಮೇಲಿನ ನೆರಳು

ಮೂರಂತಸ್ತಿನ ಎತ್ತರಕ್ಕೆ ನಿಲ್ಲಿಸಿದ ಬಿದಿರಿನ ತುದಿಯ ಬಟ್ಟೆಯ ನೆರಳು, ಹಪ್ಪಳ ಮಾರಿ ಬದುಕುವ ಪಕ್ಕದ ಮನೆಯ ಶಿವಗಂಗಮ್ಮ ಹಪ್ಪಳ ಒಣಹಾಕಿದ್ದ ಚಾಪೆಯ ಮೇಲೆ ಬಿತ್ತು. ಅರಸೀಕೆರೆಯ ಆ ಖಾಲಿ ಜಾಗದಲ್ಲಿ ಜಿನಮತಿ ಅಂತಸ್ತಿಗೆ ಎರಡರಂತೆ ಆರು ಬಾಡಿಗೆ ಮನೆ ಕಟ್ಟಿಸಲಿದ್ದಳು; ಕಟ್ಟಡದ ನೆರಳು ಎಲ್ಲಿಯವರೆಗೆ ಬೀಳುತ್ತದೆಂದು ನೋಡಲು ಬಿದಿರು ನಿಲ್ಲಿಸಿದ್ದರು.

“ನಕ್ಷೆ ಕಾನೂನಿನ ಪ್ರಕಾರವೇ ಇದೆಯಲ್ಲ ಮರುಳಪ್ಪನೋರೇ, ಮತ್ತೆ ಈ ಪರೀಕ್ಷೆ ಯಾಕೆ?” ಎಂದು ನಗರಸಭೆಯ ಸದಸ್ಯರನ್ನು ಕೇಳಿದಳು.

“ಕಾನೂನು ಹಪ್ಪಳ ಒಣಗಿಸ್ತದೇನವ್ವ? ಒಪ್ಪೋದು ಬಿಡೋದು ನಮ್ ಕೈಲೈತೆ. ಅದಕ್ಕೇ ನೋಡಾಕೆ ಬಂದೆ.”

ಶಿವಗಂಗಮ್ಮ ಚಾಪೆಯನ್ನು ನೆರಳಿನಾಚೆಗೆ ಎಳೆದಳು. ಅದು ಅವಳ ಮನೆಯ ಗೋಡೆಗೆ ತಾಗಿ ಮುದುರಿತು. ಹಪ್ಪಳಗಳು ಒಂದರ ಮೇಲೊಂದು ಜಾರಿದವು.

ಜಿನಮತಿ ಆಳುಗಳಿಂದ ಬಿದಿರನ್ನು ಇಳಿಸಿಕೊಂಡು, ಬಟ್ಟೆ ಬಿಚ್ಚಿ, ಒಂದಂತಸ್ತು ಕೆಳಗೆ ಕಟ್ಟಿದಳು.

“ಇನ್ನೊಂದ್ಸಲ ನಿಲ್ಲಿಸಿ. ನಾಲ್ಕೇ ಮನೆ ಆದ್ರೆ ನೆರಳು ಎಲ್ಲಿಗೆ ಬೀಳುತ್ತೆ ನೋಡೋಣ.”