ಜಪಾನಿ ಕಾರ್ಟೂನಿನ ಅಕ್ಕತಂಗಿ

ಅತ್ತೆಯ ಕೋಣೆಯಿಂದ ಗಂಡಸಿನ ಸ್ವರ ಕೇಳಿಸಿತು. ಅಮಿತಾ ಬಾಗಿಲಿಗೆ ಕಿವಿ ಹಚ್ಚಿದಳು. ಅದರ ಹಿಂದೆಯೇ ಹೆಂಗಸೊಬ್ಬಳು ಅರಚಿದಳು. ಕೊಂಕಣಿಯಲ್ಲ, ಹಿಂದಿಯೂ ಅಲ್ಲ. ಆಮೇಲೆ ಮೌನ. ಆ ಮೌನದಲ್ಲಿ ಅತ್ತೆ ಬಿಕ್ಕುವ ಸದ್ದು.

"ಮಮ್ಮಿ, ಒಳಗೆ ಯಾರುಂಟು?"

"ಯಾರೂ ಇಲ್ಲ. ರೋಸರಿ ಹೇಳ್ತಾ ಇದ್ದೇನೆ."

ಸುಳ್ಳು ಹೇಳಿದ ಡೆಲ್ಫಿನ್ ಶಿಲುಬೆಯ ಗುರುತು ಹಾಕಿಕೊಂಡಳು, ಟಿ.ವಿ.ಯ ಸದ್ದು ತಗ್ಗಿಸಿದಳು. ಮೊಮ್ಮಗಳು ಮೊಬೈಲು ಹಿಡಿದರೆ ಬೈಯುವ ಅಜ್ಜಿ ಮಧ್ಯಾಹ್ನವಿಡೀ ಕಾರ್ಟೂನು ನೋಡಿ ಅಳುತ್ತಾಳೆ ಎಂದು ತಾವಿದ್ದ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ ಸುದ್ದಿಯಾದರೆ, ಭಾನುವಾರ ಇಗರ್ಜಿಗೆ ಯಾವ ಮುಖ ಹೊತ್ತು ಹೋಗುವುದು?

ಕಾರ್ಟೂನು ಸಿಕ್ಕಿದ್ದೂ ಇಗರ್ಜಿಯಲ್ಲೇ. ಹಳೆಯ ಸಾಮಾನುಗಳ ಮಾರಾಟದ ಮೇಜಿನ ಮೇಲೆ, ಮುಚ್ಚಳವಿಲ್ಲದ ಮಿಕ್ಸಿ ಜಾರಿನ ಪಕ್ಕ ಬಿದ್ದಿತ್ತು. ಡಿ.ವಿ.ಡಿ.ಗಳ ಪೆಟ್ಟಿಗೆ. ಹೊದಿಕೆಯ ತುಂಬ ಅರಬ್ಬಿ ಬರಹ, ನಡುವೆ ಬೆನ್ನಿಗೆ ಬೆನ್ನು ಹಾಕಿ ನಿಂತ ಇಬ್ಬರು ಹೆಂಗಸರು. ಯಾರೂ ಮುಟ್ಟಿರಲಿಲ್ಲ.

"ಗ್ರ್ಯಾನಿ, ನೋಬಡಿ ನೋಸ್ ದಿಸ್ ಅನಿಮೆ," ಎಂದು ಮೊಮ್ಮಗಳು ಆನ್ ಮರಿಯಾ ಮೊಬೈಲಿನಲ್ಲಿ ಹುಡುಕಿ ತೀರ್ಪು ಕೊಟ್ಟಿದ್ದಳು. "ನೆಟ್‌ನಲ್ಲಿ ಕೂಡ ಇಲ್ಲ. ಜಸ್ಟ್ ಥ್ರೋ ಇಟ್."

ಡೆಲ್ಫಿನ್‌ಗೆ ಬಿಸಾಡಲು ಮನಸ್ಸಾಗಲಿಲ್ಲ. ಬೆನ್ನು ಹಾಕಿ ನಿಲ್ಲುವ ವಿದ್ಯೆಯಲ್ಲಿ ಅವಳೂ ಪಳಗಿದವಳೇ.

ತಂಗಿ ಎಮಿಲಿಯಾ ಇದ್ದದ್ದು ಅಬುಧಾಬಿಯಲ್ಲಿ. ಆಸ್ಪತ್ರೆಯ ಕೌಂಟರಿನಲ್ಲಿ, ಬಲದಿಂದ ಎಡಕ್ಕೆ ಬರೆದ ಅರಬರ ಫೈಲು ತಿರುವುತ್ತಲೇ ತಲೆ ನರೆತವಳು. ಡೆಲ್ಫಿನ್‌ಳ ಮಗ ಇವಾನ್‌ನ ಮದುವೆಗೆ ಮುಂಚಿನ ರೋಸು ಶಾಸ್ತ್ರದಲ್ಲಿ, ಮದುಮಗನ ತಲೆಗೆ ತೆಂಗಿನ ಹಾಲು ಹಚ್ಚಲು ತನಗಿಂತ ಮೊದಲು ಅಕ್ಕನ ನಾದಿನಿಯನ್ನು ಕರೆದರೆಂದು ಎಮಿಲಿಯಾ ಊಟ ಬಿಟ್ಟು ಎದ್ದುಹೋದಳು. ಹೋಗುವವಳನ್ನು ಡೆಲ್ಫಿನ್ ತಡೆಯಲಿಲ್ಲ. ಇಬ್ಬರ ನಡುವೆ ಒಂದು ಬಸ್ಸಿನ ದಾರಿ ಅಷ್ಟೆ. ಮೊದಲು ಫೋನ್ ಯಾರು ಮಾಡಬೇಕು ಎಂಬುದು ತೀರ್ಮಾನವಾಗುವ ಮೊದಲೇ ಆನ್ ಮರಿಯಾ ಹುಟ್ಟಿ, ನಡೆದು, ಇಂಗ್ಲಿಷಿನಲ್ಲಿ ಎದುರುತ್ತರ ಕೊಡುವಷ್ಟು ಬೆಳೆದಿದ್ದಳು. ಈಚೆಗೆ ಊರಿನಿಂದ ಯಾರದೇ ಮರಣದ ಸುದ್ದಿ ಬಂದರೂ ಡೆಲ್ಫಿನ್‌ಗೆ ಎದೆ ಧಸಕ್ಕೆನ್ನುತ್ತಿತ್ತು. ತಂಗಿಯ ದನಿ ಕೇಳದೆಯೇ ತನ್ನ ಕಾಲ ಮುಗಿದರೆ?

ಪೆಟ್ಟಿಗೆ ಪುಸ್ತಕದಂತೆ ಬಿಡಿಸಿಕೊಳ್ಳುತ್ತಿತ್ತು, ಪುಟಕ್ಕೊಂದು ಡಿಸ್ಕ್. ಡೆಲ್ಫಿನ್ ಪ್ರಾರ್ಥನೆ ಪುಸ್ತಕ ತೆರೆದ ಹಾಗೆ ತೆರೆದು, ಮೊದಲು ಕಂಡದ್ದನ್ನು ಹಳೆಯ ಪ್ಲೇಯರಿಗೆ ಹಾಕಿದಳು. ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಅವಳ ಇಂಗ್ಲಿಷು ನಿಂತು ನಿಂತು ಹೋಗುವ ಬಸ್ಸಿನಂಥದು. ಒಂದು ಸಾಲು ಬಂದರೆ ನಿಲ್ಲಿಸಬೇಕು, ಓದಬೇಕು, ಮತ್ತೆ ಬಿಡಬೇಕು. ಕಾರ್ಟೂನಿನವರು ಒಂದು ಲೋಟ ಚಹಾ ಮುಗಿಸುವಷ್ಟರಲ್ಲಿ ಇವಳ ಚಹಾ ತಣ್ಣಗಾಗಿ ಕೆನೆಗಟ್ಟುತ್ತಿತ್ತು.

ಹಿಮದ ಊರು. ಹೊಳೆಯ ಆಚೆ ಅಕ್ಕ, ಈಚೆ ತಂಗಿ. ಇಬ್ಬರಿಗೂ ಬಿಳಿಕೂದಲು, ಇಬ್ಬರಿಗೂ ಕೆಮ್ಮು. ನಡುವೆ ಸೇತುವೆ. ಇಬ್ಬರೂ ದಾಟುವವರಲ್ಲ. ಡಿಸ್ಕ್ ಮುಗಿಯುವಾಗ ಒಂದು ಮನೆಯ ದೀಪ ಆರಿತು, ಮತ್ತೆ ಇನ್ನೊಂದರದು. ಮಲಗಿದರು ಪಾಪ, ಎಂದುಕೊಂಡ ಡೆಲ್ಫಿನ್ ಮುಂದಿನ ಪುಟ ತಿರುಗಿಸಿದಳು.

ಅಲ್ಲಿ ಅಪ್ಪನ ಅಂಗಡಿಗಾಗಿ ಜಗಳ. ಅದರ ಮುಂದಿನದರಲ್ಲಿ ಅದೇ ಅಂಗಡಿಯಲ್ಲಿ ಇಬ್ಬರೂ ಒಟ್ಟಿಗೆ ಹಿಟ್ಟು ನಾದುತ್ತಿದ್ದರು. ಸಿಟ್ಟು ಇಳಿದಷ್ಟೂ ಕೂದಲು ಕಪ್ಪಾಗುತ್ತ ಬಂತು. ಬೆಕ್ಕೇ ಮಾತಾಡುವ ಕಾರ್ಟೂನಿನಲ್ಲಿ ಇದು ಯಾವ ದೊಡ್ಡ ಪವಾಡ? ನರೆ ಹೋಗಲು ಡೈಗಿಂತ ಇದೇ ಅಗ್ಗ, ಎಂದು ತನ್ನ ತಲೆ ಸವರಿಕೊಂಡು ನಕ್ಕಳು. ಕೊನೆಯ ಡಿಸ್ಕಿನಲ್ಲಿ ಇಬ್ಬರೂ ಪುಟ್ಟ ಹುಡುಗಿಯರಾಗಿ ಒಂದೇ ತೊಟ್ಟಿಯಲ್ಲಿ ನೀರೆರಚಾಡುವಾಗ ಅವಳಿಂದ ತಡೆಯಲಾಗಲಿಲ್ಲ. ಅಳು ಗಟ್ಟಿಯಾಗಿಯೇ ಬಂತು. ಬಾಗಿಲೂ ತೆರೆದುಕೊಂಡಿತು.

"ಇದಾ ಮಮ್ಮಿ ನಿಮ್ಮ ರೋಸರಿ?" ಅಮಿತಾ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ನಗಬೇಡ ಮಾರಾಯ್ತಿ. ಎಮಿಲಿಯಾ ಇದನ್ನು ನೋಡಬೇಕು."

ಮಗ ಇವಾನ್ ಕೆಲಸದ ಮೇಲೆ ಅಬುಧಾಬಿಗೆ ಹೊರಟಾಗ ಪೆಟ್ಟಿಗೆಯ ಜೊತೆ ಪ್ಲೇಯರನ್ನೂ ಅವನ ಕೈಗಿಟ್ಟಳು.

"ಒಂದು ಫೋನ್ ಮಾಡಿದ್ರೆ ಆಗುದಿಲ್ವಾ ಮಮ್ಮಿ?"

"ಫೋನ್ ಮಾಡಿದ್ರೆ ನಾನು ಸೋತ ಹಾಗೆ. ಕಾರ್ಟೂನು ಕಳಿಸಿದ್ರೆ ಜಪಾನಿನವರು ಸೋತ ಹಾಗೆ." ಆಮೇಲೆ ದನಿ ತಗ್ಗಿಸಿದಳು. "ಕೊನೆವರೆಗೆ ನೋಡ್ಲಿಕ್ಕೆ ಹೇಳು. ನಮ್ಮಿಬ್ಬರದ್ದೂ ಹಾಗೇ ಮುಗಿಯಲಿ ಅಂತ ನಾನು ದಿನಾ ಬೇಡ್ತೇನೆ ಅಂತ ಹೇಳು."

ಇವಾನ್ ಒಂದಕ್ಷರ ಬಿಡದೆ ಹೇಳಿ ಬಂದ. ಅಬುಧಾಬಿಯಿಂದ ಸದ್ದಿಲ್ಲ. ಫೋನು ಟಿಣ್ಣೆಂದಾಗೆಲ್ಲ ಡೆಲ್ಫಿನ್ ಅಡುಗೆಮನೆಯಿಂದ ಓಡಿ ಬರುತ್ತಿದ್ದಳು. ಒಮ್ಮೆ ಬ್ಯಾಂಕು, ಇನ್ನೊಮ್ಮೆ ಪಿಜ್ಜಾದವನು. ಅಜ್ಜಿಯಾದ ಮೇಲೆ ಕಾರ್ಟೂನನ್ನು ನಂಬಿದವಳಿಗೆ ಇಷ್ಟಾದರೂ ಆಗಬೇಡವೇ, ಎಂದು ಸೌಟನ್ನೇ ಬೈದುಕೊಂಡಳು.

ಶನಿವಾರ ಬೆಳಿಗ್ಗೆ ಬೆಲ್ಲು ಒಂದೇ ಸಮನೆ ಬಡಿದುಕೊಂಡಿತು. ಬಾಗಿಲಲ್ಲಿ ಎಮಿಲಿಯಾ. ಏದುಸಿರು, ಬಸ್ಸಿನಲ್ಲಿ ಮುದುಡಿದ ಚೂಡಿದಾರ, ಎದೆಗವಚಿದ ಪೆಟ್ಟಿಗೆ. ಒಳಗೆ ಬಂದವಳೇ ಅಕ್ಕನ ಕೊರಳು ತಬ್ಬಿದಳು. ಇಬ್ಬರ ಕನ್ನಡಕಗಳೂ ಒಂದಕ್ಕೊಂದು ತಾಗಿ ಓರೆಯಾದವು.

"ಅಕ್ಕಾ, ರೋಸು ಗೀಸು ಎಲ್ಲ ಖಲಾಸ್. ಇನ್ನು ನಾನು ಆ ಮಾತೇ ಎತ್ತುದಿಲ್ಲ."

ಡೆಲ್ಫಿನ್ ಸೊಸೆಯ ಕಡೆಗೊಂದು ಗೆಲುವಿನ ನೋಟ ಬೀರಿದಳು. "ಕೊನೆ ಚಂದ ಉಂಟಲ್ವಾ?"

"ಚಂದವಾ?" ಎಮಿಲಿಯಾ ಹೌಹಾರಿ ಹಿಂದೆ ಸರಿದಳು. "ಮುಖ ಮುಖ ನೋಡದೆ ಇಬ್ಬರೂ ಸತ್ತೇ ಹೋದ್ರಲ್ಲ! ನಮ್ಮದೂ ಹಾಗೇ ಮುಗಿಯಲಿ ಅಂತ ದಿನಾ ಬೇಡ್ತೀಯಂತೆ. ಹೆದರಿ ಮೊದಲ ಬಸ್ಸಿಗೇ ಓಡಿ ಬಂದೆ."

"ಸತ್ತದ್ದು ಯಾರು ಮಾರಾಯ್ತಿ? ಕೊನೆಗೆ ಒಂದೇ ತೊಟ್ಟಿಯಲ್ಲಿ ನೀರಾಡುದಿಲ್ವಾ?"

"ಅದು ಶುರುವಿನಲ್ಲಲ್ವಾ ಅಕ್ಕಾ," ಎಂದು ಎಮಿಲಿಯಾ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆರೆದು ತೋರಿಸಿದಳು: ಅರಬ್ಬಿ ಫೈಲಿನ ಹಾಗೆ, ಹಿಂದಿನ ಬದಿಯಿಂದ.