ಉಚ್ಚೀರಪ್ಪನ ಗಿರಣಿ, ಸೇತುಮಾಧವನ ದೋಣಿ

"ಅಮ್ಮಾ, ಯಾರು ಮುಟ್ಟಿದ್ರು ಇದನ್ನ?"

ಸೇತುಮಾಧವನ ದೋಣಿ ಮಾಯವಾಗಿತ್ತು. ಈಗ ತಾನೇ ಬಂಡೆಗಳ ನಡುವೆ ನುಸುಳುತ್ತಿದ್ದ ದೋಣಿ, ಬಂಡೆ, ಅಂಕ ಎಲ್ಲ ಒಟ್ಟಿಗೆ ಅಳಿಸಿಹೋಗಿ ಟೀವಿಯ ಮೇಲೆ ಬರೀ ಬಿಳುಪು ಉಳಿದಿತ್ತು. ಕರೆಂಟು ಹೋಗಿರಲಿಲ್ಲ. ಫ್ಯಾನು ಆರಾಮಾಗಿ ತಿರುಗುತ್ತಿತ್ತು.

"ನಾ ಮಡಿಯಾಗ ಅದೀನಿ. ನಿನ್ನ ಡಬ್ಬಿಗೆ ಕೈ ಹಚ್ಚತೀನೇನಪ್ಪ?" ಎಂದರು ತಾಯಿ ಸರಸ್ವತಿಬಾಯಿ, ಬೆನ್ನ ಹಿಂದಿನಿಂದ. ಸ್ನಾನ ಮುಗಿಸಿ, ಒಗೆದ ಸೀರೆಯನ್ನು ಕೋಲಿನ ತುದಿಯಿಂದ ಎತ್ತಿ ಮೇಲಿನ ಗಳಕ್ಕೆ ಹರವುತ್ತಿದ್ದರು. ಊಟ ಮುಗಿಯುವವರೆಗೆ ಅವರು ಹೆತ್ತ ಮಗನನ್ನೇ ಮುಟ್ಟುವುದಿಲ್ಲ. ಮುಂಬಯಿಯಿಂದ ಬಂದ ಯಂತ್ರದ ಮಾತು ದೂರ ಉಳಿಯಿತು. ಮನೆಯಲ್ಲಿ ಮೂರನೆಯವರು ಇರಲಿಲ್ಲ. ಆದ್ದರಿಂದ ತಪ್ಪು ಮನೆಯ ಹೊರಗಿನದು ಎಂದು ಸೇತುಮಾಧವ ತೀರ್ಮಾನಿಸಿದ.

ಅದು ಎಂಬತ್ತಾರನೇ ಇಸವಿ. ಆಂಧ್ರದ ಆದೋನಿಯಲ್ಲಿ ಮನೆಯೊಳಗೆ ಕಂಪ್ಯೂಟರ್ ಇಟ್ಟುಕೊಂಡವನು ತಾನೊಬ್ಬನೇ ಎಂದು ಅವನು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಮುಂಬಯಿಯ ಭಾವ ರಾಘಣ್ಣ ಕೊಟ್ಟ ಪುಟ್ಟ ಯಂತ್ರ ಅದು. ಟೀವಿಗೆ ಜೋಡಿಸಿ, ಕ್ಯಾಸೆಟ್ಟಿನಿಂದ ಆಟ ತುಂಬಿಸಬೇಕು. ಆಟಕ್ಕೆ ಎರಡೇ ಬಟನ್, ಒಂದು ಎಡಕ್ಕೆ, ಒಂದು ಬಲಕ್ಕೆ. ಇಷ್ಟರಲ್ಲೇ ಅವನು ತನ್ನನ್ನು ಪಂಡಿತನೆಂದು ನಂಬಿಬಿಟ್ಟಿದ್ದ. ಅವನ ಬಗ್ಗೆ ಹೀಗೆ ಹಗುರಾಗಿ ಮಾತಾಡುವ ಹಕ್ಕು ನನಗಿದೆ. ದಿನಾ ಬೆಳಿಗ್ಗೆ ಕನ್ನಡಿಯೊಳಗಿನ ಅವನ ಗಡ್ಡ ಹೆರೆಯುವವನು ನಾನೇ.

ಪಂಡಿತನಿಗೆ ಈಗ ತಲೆ ಕೆಟ್ಟಿತ್ತು. ಅವನು ಟೈಪಿಸ್ಟ್ ಆಗಿದ್ದ ಹತ್ತಿ ಮಿಲ್ಲಿಗೆ ಕಂಪ್ಯೂಟರ್ ಬರುವುದಿತ್ತು. ಮಾಲೀಕ ಯಂಕಣ್ಣ ಸಾವುಕಾರರು ಅವನನ್ನು ಕರೆದು, "ಭಾನುವಾರ ನಿಮ್ಮ ಮನೀಗೆ ಬರ್ತೀನಿ. ನಡುವ ನಿಲ್ಲದಂಗ ನಡಿಸಿ ತೋರ್ಸು, ಕಂಪ್ಯೂಟರ್ ಕುರ್ಚಿ ನಿಂದು. ಇಲ್ಲಾಂದ್ರ ಹೈದರಾಬಾದಿಂದ ಯಾರನ್ನರ ಕರಸ್ತೀನಿ" ಎಂದಿದ್ದರು.

ಸೇತುಮಾಧವ ಕೈಕಟ್ಟಿ ಕೂರಲಿಲ್ಲ. ಯಂತ್ರ ಬಿಸಿಯಾಗುತ್ತದೆಂದು ಟೇಬಲ್ ಫ್ಯಾನನ್ನು ಅದರ ಕಡೆ ತಿರುಗಿಸಿ ತಾನು ಬೆವರಿದ. ಸ್ಟೆಬಿಲೈಸರ್ ತಂದ. ಬೆನ್ನ ಹಿಂದೆ ಗೋಡೆಯಲ್ಲಿದ್ದ ಸ್ವಿಚ್ಚನ್ನೇ ಬದಲಿಸಿದ. ದೋಣಿ ಮಾತ್ರ ಮುಳುಗುತ್ತಲೇ ಇತ್ತು.

ಕೊನೆಗೆ ಅಪರಾಧಿ ಸಿಕ್ಕ. ಹಿಂದಿನ ಓಣಿಯ ಹಿಟ್ಟಿನ ಗಿರಣಿಯ ಉಚ್ಚೀರಪ್ಪ. ಅವನ ಮೋಟರು ಶುರುವಾದಾಗ ವೋಲ್ಟೇಜ್ ಇಳಿಯುತ್ತದೆ, ಯಂತ್ರ ಸಾಯುತ್ತದೆ. ಸಾಕ್ಷಿಯೂ ಇತ್ತು. ಮಧ್ಯಾಹ್ನ ಗಿರಣಿ ಮುಚ್ಚಿರುತ್ತಿತ್ತು, ಅಮ್ಮ ಊಟ ಮಾಡಿ ಮಲಗಿರುತ್ತಿದ್ದರು, ಮನೆ ನಿಶ್ಶಬ್ದ. ಆಗ ಆಟ ಒಮ್ಮೆಯೂ ನಿಂತದ್ದಿಲ್ಲ.

ಅಂದಿನಿಂದ ಯಂತ್ರ ನಿಂತಾಗಲೆಲ್ಲ ಸೇತುಮಾಧವ ಕ್ಯಾಸೆಟ್ ಹಚ್ಚಿ ಗಿರಣಿಗೆ ಓಡುತ್ತಿದ್ದ. ಆಟ ತುಂಬಿಕೊಂಡು ಎಷ್ಟೋ ಹೊತ್ತಾದರೂ ಜಗಳ ಮುಗಿಯುತ್ತಿರಲಿಲ್ಲ.

"ನಾಕೇಮಿ ತೆಲುಸು ಸ್ವಾಮಿ? ನನಗೇನ್ ಗೊತ್ತು?" ಎನ್ನುತ್ತಿದ್ದ ಉಚ್ಚೀರಪ್ಪ ಹಿಟ್ಟು ಮೆತ್ತಿದ ಮುಖದಲ್ಲಿ. "ನನ್ನ ಗಿರಣಿ ಜ್ವಾಳ ಬೀಸತೈತಿ. ನಿಮ್ಮ ದೋಣಿ ಯಾಕ ಮುಳುಗಸತೈತಿ?"

ಜಗಳ ಮುಗಿಸಿ ಬಂದರೆ ಯಂತ್ರ ಗುಂಡುಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು. ಆದರೆ ಇನ್ನೊಂದು ರೋಗ ಅಂಟಿರುತ್ತಿತ್ತು. ತೆರೆಯ ಮೇಲ್ಗಡೆ ಗರಿಷ್ಠ ಅಂಕ ಒಂಬತ್ತು ಸಾವಿರ ಎಂದು ತೋರಿಸುತ್ತಿತ್ತು. ಸೇತುಮಾಧವನ ಜೀವಮಾನದ ಸಾಧನೆ ಏಳುನೂರು. ಮನುಷ್ಯ ಮಾತ್ರದವರಿಗೆ ಸಾಧ್ಯವಿಲ್ಲದ ಅಂಕ ಅದು. ವೋಲ್ಟೇಜಿನ ಹೊಡೆತಕ್ಕೆ ಕಂಪ್ಯೂಟರಿನ ನೆನಪೇ ಕೆಟ್ಟಿದೆ ಎಂದು ಅವನು ಮಿಲ್ಲಿನವರಿಗೆಲ್ಲ ವಿವರಿಸಿದ. ಎರಡು ಬಟನ್‌ಗಳ ಅಕ್ಷರ ಸವೆದುಹೋಗಿದ್ದವು. ತನ್ನ ಅಭ್ಯಾಸ ಕಂಡು ತನಗೇ ಹೆಮ್ಮೆಯಾಯಿತು.

ಭಾನುವಾರ ಬೆಳಿಗ್ಗೆ ಸಾವುಕಾರರು ಬಂದರು. ಸೇತುಮಾಧವ ಆಟ ಶುರುಮಾಡಿ ಭಾಷಣವನ್ನೂ ಶುರುಮಾಡಿದ. ಸಾವುಕಾರರು ಭಾಷಣ ಕೇಳಲಿಲ್ಲ. ಅವರ ಬೆರಳು ತೊಡೆಯ ಮೇಲೆ ಎಡಕ್ಕೆ ಬಲಕ್ಕೆ ಆಡುತ್ತಿತ್ತು.

"ನಾನೂ ಒಮ್ಮಿ ನೋಡ್ಲೇನು?"

"ತಡೀರಿ ಸಾವುಕಾರ್ರ, ಇದೊಂದು ಬಂಡೆ ದಾಟಸ್ತೀನಿ."

ಒಂದು ದಾಟಿತು, ಮತ್ತೊಂದು ಬಂತು.

"ಸೇತೂ, ಅವರಿಗೂ ಕೊಡಪ್ಪ." ಹಿಂದಿನಿಂದ ಅಮ್ಮ.

"ಹ್ಞೂಂ ಹ್ಞೂಂ, ಈಗ ಕೊಟ್ಟೆ."

ಕೊಡಲಿಲ್ಲ. ದೋಣಿ ಮಾಯವಾಯಿತು.

ಸಾವುಕಾರರ ಹುಬ್ಬು ಮೇಲೇರಿತು. ಸೇತುಮಾಧವ ದಡಕ್ಕನೆ ಎದ್ದ. "ಎಲ್ಲ ಆ ಗಿರಣಿಯಿಂದ್ರೀ! ಈಗ ಬಂದ್ ಮಾಡ್ಸಿ ಬರ್ತೀನಿ" ಎಂದು ಕ್ಯಾಸೆಟ್ ಹಚ್ಚಿ ಓಡಿದ.

ಗಿರಣಿಗೆ ಬೀಗ ಬಿದ್ದಿತ್ತು. ಕಟ್ಟೆಯ ಮೇಲೆ ಉಚ್ಚೀರಪ್ಪನ ಹೆಂಡತಿ ಗಂಗಕ್ಕ ಕಾಳು ಹಸನು ಮಾಡುತ್ತಿದ್ದಳು.

"ಅವ್ರು ನಿನ್ನೇನ ಕೌತಾಳಕ್ಕ ಹೋದ್ರು ಸ್ವಾಮಿ. ಗಿರಣಿ ಚಾಲೂನ ಆಗಿಲ್ಲ. ಇವತ್ತು ಯಾರ ಜೋಡಿ ಜಗಳಾ ಆಡ್ತೀರಿ?"

ಸಾವುಕಾರರಿಗೆ ಮುಖ ತೋರಿಸಲಾಗದೆ ಸೇತುಮಾಧವ ಎರಡು ಓಣಿ ಸುತ್ತಿ ನಿಧಾನವಾಗಿ ಮನೆ ಕಡೆ ನಡೆದ. ಕುರ್ಚಿ ಹೋಯಿತು. ತಾನೊಬ್ಬನೇ ಬಲ್ಲೆ ಎಂದು ಊರೆಲ್ಲ ಸಾರಿದ ಯಂತ್ರದ ರೋಗ ತನಗೇ ಗೊತ್ತಿರಲಿಲ್ಲ.

ಹೊಸ್ತಿಲಲ್ಲಿ ಅವನ ಕಾಲು ನಿಂತಿತು. ಸಾವುಕಾರರು ಬಾಯಿ ತೆರೆದುಕೊಂಡು ತೆರೆ ನೋಡುತ್ತಿದ್ದರು. ದೋಣಿ ಬಂಡೆಗಳ ನಡುವೆ ಹಾರಿಕೊಂಡು ಹೋಗುತ್ತಿತ್ತು. ಅಂಕ ಏಳು ಸಾವಿರ ದಾಟಿತ್ತು.

ಒಂದು ಮಾರು ದೂರದಲ್ಲಿ ಮಣೆಯ ಮೇಲೆ ಕೂತ ಸರಸ್ವತಿಬಾಯಿ ಮಡಿಕೋಲಿನ ತುದಿಯಿಂದ ಎಡದ ಬಟನ್, ಬಲದ ಬಟನ್ ತಟ್ಟುತ್ತ ಹೇಳುತ್ತಿದ್ದರು: "ಡಬ್ಬಿಗೆ ಏನೂ ಆಗಿಲ್ರಿ ಸಾವುಕಾರ್ರ, ಕುರ್ಚಿ ನನ್ನ ಮಗಗ ಕೊಡ್ರಿ, ಆದ್ರ ಏಳು ಅಂದ್ರ ಅವ ಏಳಂಗಿಲ್ಲ, ನಿಮಗ ಆಡಬೇಕು ಅನಿಸ್ದಾಗ ಹಿಂದಿನ ಸ್ವಿಚ್ ಒಮ್ಮಿ ಆರಿಸಿ ಹಚ್ಚಿಬಿಡ್ರಿ, ತಾನ ಗಿರಣಿ ಕಡಿ ಓಡ್ತಾನ."